ಹೊಳೆ ದಾಟದ ತನಿಖೆ

ನಾನು ಪಂಚಾಯಿತಿ ಅಧ್ಯಕ್ಷೆಯಾಗಿದ್ದ ಐದು ವರ್ಷಗಳಲ್ಲಿ ಮೊದಲ ಮೂರು ವರ್ಷ ಅವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ದೂರದಲ್ಲಿ ಅವರ ಕಂದು ಕೋಟು ಕಾಣಿಸಿದರೆ ಸಾಕು, ಬೇರೆ ದಾರಿ ಹಿಡಿಯುತ್ತಿದ್ದೆ. ಹೋದ ತಿಂಗಳು ಅವರು ತೀರಿಕೊಂಡರು. ಸಾವಿನ ಮನೆಯ ಅಂಗಳದಲ್ಲಿ ಕೂತವರೆಲ್ಲ ಎಂಥಾ ಮನುಷ್ಯ, ಎಂಥಾ ಮನುಷ್ಯ ಅನ್ನುತ್ತಿದ್ದರು. ನನಗೆ ಒಳಗೊಳಗೇ ಸಿಟ್ಟು ಬಂತು. ಬದುಕಿದ್ದಾಗ ಆ ಮಾತನ್ನು ಅವರ ಕಿವಿಗೆ ಬೀಳುವಂತೆ ಆಡಿದವರು ಅಲ್ಲಿ ಒಬ್ಬರೂ ಇರಲಿಲ್ಲ. ನಾನೂ ಆಡಿರಲಿಲ್ಲ.

ನಮ್ಮ ಹಟ್ಟಿ ಇರುವುದು ಊಟಿಯಿಂದ ಬಡಗಣಕ್ಕೆ, ಬೆಟ್ಟದ ಅಂಚಿನಲ್ಲಿ. ಮನೆಗಳ ಸಾಲಿನ ಹಿಂದೆ ಟೀ ತೋಟ, ತೋಟ ಮುಗಿದಲ್ಲಿ ನೆಲ ಸಟ್ಟನೆ ಇಳಿದು ಕೆಳಗೆ ಮಸಿನಗುಡಿ ಕಡೆಯ ಒಣ ಕಾಡು. ಹಟ್ಟಿ ಅಂದರೆ ಒಂದೇ ವಂಶದವರ ಊರು. ಗಂಡಸರೆಲ್ಲ ಅಣ್ಣತಮ್ಮಂದಿರು, ನಾವು ಹೆಂಗಸರು ಬೇರೆ ಹಟ್ಟಿಗಳಿಂದ ಬಂದ ಸೊಸೆಯರು. ಆ ಕಂದು ಕೋಟಿನವರು ನಮ್ಮ ಮಾವನ ಚಿಕ್ಕಪ್ಪನ ಮಗ, ಹಾಗಾಗಿ ನನಗೂ ಮಾವ. ಮನೆಮಾತು ಬಡಗ. ಅಪ್ಪ ಗುಂಡ್ಲುಪೇಟೆಯಲ್ಲಿ ತರಕಾರಿ ಮಂಡಿ ಇಟ್ಟಿದ್ದರಿಂದ ನಾನು ಓದಿದ್ದು ಕನ್ನಡ ಶಾಲೆಯಲ್ಲಿ. ಇಲ್ಲಿ ಬರುವ ಮಾತುಗಳನ್ನು ಆ ಕನ್ನಡಕ್ಕೇ ತಂದು ಬರೆಯುತ್ತಿದ್ದೇನೆ.

ಮಾವ ರೆವಿನ್ಯೂ ಇನ್‌ಸ್ಪೆಕ್ಟರಾಗಿದ್ದವರು. ಗೂಡಲೂರು, ಪಂದಲೂರು, ಊಟಿ ಅಂತ ಸರ್ವೀಸು ಮುಗಿಸಿ, ಹಟ್ಟಿಯ ಮನೆಗೆ ಸುಣ್ಣ ಹೊಡೆಸಿ ಬಂದು ಕೂತಿದ್ದರು. ಇರುವ ಸ್ವಲ್ಪ ಟೀ ಗಿಡಗಳನ್ನು ಗಂಡ ಹೆಂಡತಿ ಇಬ್ಬರೇ ನೋಡಿಕೊಳ್ಳುತ್ತಿದ್ದರು. ತೋಟಕ್ಕೆ ಹೋಗುವಾಗಲೂ ಕೋಟು ಬಿಡುತ್ತಿರಲಿಲ್ಲ. ಕೇಳುವುದೇನಾದರೂ ಇದ್ದರೆ ಮೊದಲು ಕನ್ನಡಕ ತೆಗೆದು ಕೋಟಿನ ಅಂಚಿನಲ್ಲಿ ಒರೆಸುವರು, ಆಮೇಲೆ ಕೇಳುವರು. ಆ ಒರೆಸುವಿಕೆ ಶುರುವಾಯಿತೆಂದರೆ ಎದುರಿಗಿದ್ದವರಿಗೆ ಬೆವರು.

ನಾನು ಅಧ್ಯಕ್ಷೆಯಾದದ್ದು ಹೆಂಗಸರಿಗೆ ಸೀಟು ಮೀಸಲಾದ ಮೊದಲನೇ ಚುನಾವಣೆಯಲ್ಲಿ. ನಮ್ಮ ಯಜಮಾನರು ಒಂದು ಸಂಜೆ ಬಂದು, "ನಿನ್ನ ಹೆಸರು ಕೊಟ್ಟಿದ್ದೀನಿ," ಅಂದರು. ಅಷ್ಟೇ. ಅದಕ್ಕೆ ಮೊದಲು ಸರ್ಕಾರದ ಮನೆ ಯಾರಿಗೆ, ಹೊಲಿಗೆ ಮಿಷನ್ನು ಯಾರಿಗೆ ಅನ್ನುವುದೆಲ್ಲ ಊಟಿಯಲ್ಲೇ ತೀರ್ಮಾನವಾಗಿ ಬರುತ್ತಿತ್ತು. ಸಿಗದವರು ಮುಖ ಗೊತ್ತಿಲ್ಲದ ಯಾವನೋ ಆಫೀಸರನ್ನು ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದರು. ನಮ್ಮ ಕಾಲಕ್ಕೆ ಬ್ಲಾಕ್ ಆಫೀಸಿನವರು ಅಧ್ಯಕ್ಷರನ್ನೆಲ್ಲ ಕರೆಸಿ, "ಬಡವರ ಮನೆ ಯಾರಿಗೆ ಅಂತ ಇನ್ನು ನಿಮ್ಮ ಗ್ರಾಮಸಭೆಯೇ ಆರಿಸಬೇಕು," ಅಂದರು. ಎಲ್ಲರೂ ಚಪ್ಪಾಳೆ ಹೊಡೆದೆವು. ವಾಪಸ್ಸು ಬರುವ ಬಸ್ಸಿನಲ್ಲೇ ಇಬ್ಬರು ನೆಂಟರು ನನ್ನ ಸೀಟಿನ ಪಕ್ಕ ಬಂದು ಕೂತರು.

ನನ್ನ ಮೂರನೇ ವರ್ಷ ನಮ್ಮ ಪಂಚಾಯಿತಿಗೆ ಬಂದದ್ದು ಐದು ತೊಗುಪ್ಪು ಮನೆ. ಸರ್ಕಾರ ಕಟ್ಟಿಕೊಡುವ ಒಂದು ಕೋಣೆಯ ಮನೆಗೆ ನಮ್ಮ ಕಡೆ ಹಾಗನ್ನುತ್ತಾರೆ. ಯಾರಿಗೆ ಅನ್ನುವುದು ನಮ್ಮ ಅಡಿಗೆಮನೆಯ ಒಲೆಯ ಮುಂದೆ ನಿಶ್ಚಯವಾಯಿತು. ಯಜಮಾನರು, ಮೈದುನ, ಪಂಚಾಯಿತಿ ಕ್ಲರ್ಕು ಕೂತು ಹೆಸರು ಬರೆದರು. ನಾನು ಕಾಫಿ ಕೊಟ್ಟೆ, ಸಹಿ ಹಾಕಿದೆ. ಐದರಲ್ಲಿ ಒಂದು ಹೆಸರು ಮೈದುನನದ್ದೇ. ಅದು ಪೂರ್ತಿ ಸುಳ್ಳೂ ಅಲ್ಲ. ಅವನಿಗೆ ಹೊಸದಾಗಿ ಮದುವೆಯಾಗಿತ್ತು, ಟೀ ಎಲೆಗೆ ಬೆಲೆ ಬಿದ್ದುಹೋಗಿತ್ತು, ನಮ್ಮ ಜೊತೆ ಒಂದೇ ಸೂರಿನಡಿ ಇದ್ದ. ಸ್ವಂತ ಮನೆಯಿಲ್ಲ ಅಂತ ಬರೆದರೆ ಯಾರು ಇಲ್ಲ ಅಂದಾರು?

ಮಾವ ಅಂದರು.

ಗ್ರಾಮಸಭೆಗೆ ಬಂದವರೆಲ್ಲ ಬಾಗಿಲಲ್ಲೇ ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದು ವಾಡಿಕೆ. ಸಹಿ ಹಾಕಿ ಹಾಗೇ ತೋಟಕ್ಕೆ ಹೋಗುವವರೂ ಇದ್ದರು. ಮಾವ ಮಾತ್ರ ಪೆನ್ನು ಮುಟ್ಟುತ್ತಿರಲಿಲ್ಲ. "ಸಭೆ ಮುಗೀಲಿ. ಇಲ್ಲಿ ಏನು ನಡೀತು ಅಂತ ನೋಡಿಬಿಟ್ಟು ಬಂದಿದ್ದೆ ಅಂತ ಬರೀತೀನಿ," ಅನ್ನುತ್ತಿದ್ದರು. ಮೊದಲ ಸಾಲಿನಲ್ಲಿ ಕೂರುವರು. ಸಭೆಯಲ್ಲಿ ನನ್ನನ್ನು ಕರೆಯುತ್ತಿದ್ದದ್ದು 'ತಲೈವರಮ್ಮ' ಅಂತ, ಅಧ್ಯಕ್ಷರಮ್ಮ ಅನ್ನುವುದನ್ನು ತಮಿಳಿನಲ್ಲಿ, ಬಹುವಚನದಲ್ಲಿ. ಹೊರಗೆ ಸಿಕ್ಕರೆ 'ಕೂಸೇ' ಅನ್ನುತ್ತಿದ್ದರು. ನನಗೆ ಎರಡೂ ಚುಚ್ಚುತ್ತಿದ್ದವು.

ಆ ಪಟ್ಟಿಯನ್ನು ಓದಿದ ದಿನ ಅವರು ಒಂದೇ ಕೇಳಿದರು. "ಇದನ್ನ ರೇಷನ್ ಅಂಗಡಿ ಗೋಡೆಗೆ ಅಂಟಿಸ್ತೀರಾ?" ನಾನು ಆಗಲಿ ಅಂದೆ, ಅಂಟಿಸಲಿಲ್ಲ. ವಾರ ಕಾದು ಅವರೇ ತಮ್ಮ ದುಂಡು ಅಕ್ಷರದಲ್ಲಿ ಬರೆದು ಅಂಟಿಸಿದರು. ಬೆಳಿಗ್ಗೆ ಅದು ಹರಿದಿತ್ತು. ಇನ್ನೊಂದು ಬರೆದರು, ಅದೂ ಹೋಯಿತು. ಮೂರನೆಯದನ್ನು ಹರಿದವರು ನಮ್ಮ ಯಜಮಾನರು. ಚೂರುಗಳು ಅವರ ಅಂಗಿಯ ಜೇಬಿನಲ್ಲಿ ಒಗೆಯುವಾಗ ನನಗೆ ಸಿಕ್ಕವು. ನಾನು ಅವನ್ನು ಒಲೆಗೆ ಹಾಕಿದೆ. ಮಾವ ನಾಲ್ಕನೆಯದನ್ನು ಬರೆದರು.

ಆಮೇಲೆ ಹಟ್ಟಿ ಅವರನ್ನು ಬಿಗಿಯಾಗಿ ಹಿಡಿಯಿತು. ಯಾರೂ ಕೂಗಾಡಲಿಲ್ಲ. ಎಲೆ ಒಯ್ಯುವ ವ್ಯಾನು ಅವರ ಮನೆ ಮುಂದೆ ನಿಲ್ಲುವುದು ತಪ್ಪಿತು, ಅಷ್ಟೇ. ವ್ಯಾನಿನವನು ಮೈದುನನ ಸ್ನೇಹಿತ. ಕಿತ್ತ ಎಲೆ ಸಂಜೆಗೆ ಕಂದಿಹೋಗುತ್ತದಲ್ಲ. ಗಂಡ ಹೆಂಡತಿ ಎಲೆ ಮೂಟೆಗಳನ್ನು ಹೊತ್ತು ಮೇಲಿನ ಟಾರು ರಸ್ತೆಗೆ ನಡೆದು, ಬೇರೆ ಫ್ಯಾಕ್ಟರಿಯ ವ್ಯಾನಿಗೆ ಹಾಕಿ ಬರತೊಡಗಿದರು. ಮಾವನ ಹೆಂಡತಿ, ನನಗೆ ಅತ್ತೆ, ನಮ್ಮ ಬಾಗಿಲ ಮುಂದೆ ಹಾದುಹೋಗುವಾಗ ತಲೆ ಎತ್ತುತ್ತಿರಲಿಲ್ಲ. ಬಲಗೈ ಎತ್ತಲಾರದಷ್ಟು ಅವರ ಹೆಗಲು ನೋಯುತ್ತಿದೆ ಅಂತ ಬಾವಿಕಟ್ಟೆಯಲ್ಲಿ ಯಾರೋ ಹೇಳಿದರು. ನಾನು ಕೊಡ ತುಂಬಿಕೊಂಡು ಬಂದೆ.

ಆಗಸ್ಟ್ ಹದಿನೈದರ ಸಭೆ. ಪಟ್ಟಿ ತೀರ್ಮಾನವಾಗಿ ಬರಬೇಕು ಅಂತ ಬ್ಲಾಕ್ ಆಫೀಸಿನಿಂದ ಅವಸರ. ಸಮುದಾಯ ಭವನ ತುಂಬಿತ್ತು. ಎಲ್ಲರೂ ನಮ್ಮವರೇ. ಮಾವ ಎದ್ದು ನಿಂತು ಕನ್ನಡಕ ತೆಗೆದರು.

"ತಲೈವರಮ್ಮ, ಐದು ಮನೆಯಲ್ಲಿ ಕೆಳಗಿನ ಇರುಳರಿಗೆ ಒಂದೂ ಇಲ್ಲ. ಅವರೂ ನಮ್ಮ ಪಂಚಾಯಿತಿಯವರೇ ಅಲ್ವಾ?"

ಕೆಳಗೆ ಕಾಡಿನ ಅಂಚಿನಲ್ಲಿ ಇರುಳರೆಂಬ ಬುಡಕಟ್ಟಿನವರ ಏಳು ಮನೆಗಳಿದ್ದವು. ಗಂಡಸರು ಅರಣ್ಯ ಇಲಾಖೆಯ ಕೂಲಿಗೆ ಹೋಗುತ್ತಿದ್ದರು. ವೋಟಿನ ದಿನ ನಾವು ಸುತ್ತು ರಸ್ತೆಯಲ್ಲಿ ಜೀಪು ಕಳಿಸಿ ಕರೆಸಿಕೊಳ್ಳುತ್ತಿದ್ದೆವು. ನಾನು ಅಲ್ಲಿಗೆ ಯಾವತ್ತೂ ಹೋದವಳಲ್ಲ.

"ಅವರಿಗೆ ಜಾಗದ ಪಟ್ಟಾ ಇಲ್ಲ ಮಾವ. ಪಟ್ಟಾ ಇಲ್ಲದ ಜಾಗದಲ್ಲಿ ಮನೆ ಕಟ್ಟೋಕೆ ಬ್ಲಾಕ್ ಆಫೀಸು ಒಪ್ಪಲ್ಲ."

"ಇವತ್ತಿನ ಸಭೆ ಅವರಿಗೆ ಗೊತ್ತಾ?"

"ತಮಟೆ ಹೊಡೆಸಿದ್ದೀವಿ."

"ಎಲ್ಲೀವರೆಗೆ?"

ಯಾರೋ ಕಿಸಕ್ಕೆಂದರು. ಮೈದುನ ಎದ್ದ. "ದೊಡ್ಡಪ್ಪ, ನನಗೊಂದು ಮನೆ ಬರೋದು ನಿಮ್ಮ ಕಣ್ಣಿಗೆ ಉರಿ. ನೇರ ಹೇಳಿ. ಇರುಳರ ಹೆಸರು ಯಾಕೆ ತರ್ತೀರಿ?"

"ನಿನ್ನ ಹೆಸರು ನಾನು ಎತ್ತಿಲ್ಲ ಮಗ. ಪಟ್ಟಾ ಯಾಕಿಲ್ಲ ಅಂತ ತಲೈವರಮ್ಮ ಯಾರನ್ನಾದರೂ ಕೇಳಿದ್ದಾರಾ, ಅಷ್ಟು ಹೇಳಲಿ."

ನನಗೆ ತಲೆ ಕೆಟ್ಟುಹೋಯಿತು. ಮೂರು ವರ್ಷದ ಸಿಟ್ಟು ಒಟ್ಟಿಗೇ ಬಾಯಿಗೆ ಬಂತು. "ನಿಮ್ಮನ್ನೇ ಕೇಳ್ತೀನಿ ಮಾವ. ಅಳೆದು ಬರೆಯೋ ಕೆಲಸದಲ್ಲಿ ಅಷ್ಟು ವರ್ಷ ಇದ್ದವರು ನೀವು. ಪೆನ್ನು ನಿಮ್ಮ ಕೈಯಲ್ಲಿದ್ದಾಗ ನೀವ್ಯಾಕೆ ಕೊಡಿಸಲಿಲ್ಲ?"

ಭವನದಲ್ಲಿ ಚಪ್ಪಾಳೆ ಬಿತ್ತು. ಯಜಮಾನರು ನನ್ನ ಕಡೆ ನೋಡಿ ನಕ್ಕರು. ಸಭೆಯಲ್ಲಿ ನನ್ನನ್ನು ನೋಡಿ ಅವರು ನಕ್ಕದ್ದು ಅದೇ ಮೊದಲು.

ಮಾವ ಕನ್ನಡಕ ಹಾಕಿಕೊಂಡರು. ಚಪ್ಪಾಳೆ ನಿಲ್ಲುವ ತನಕ ಕಾದರು.

"ಕೊಡಿಸಲಿಲ್ಲ," ಅಂದರು. "ಆ ಜಾಗದ ತನಿಖೆ ನನಗೇ ಬಂದಿತ್ತು. ಹೊಳೆವರೆಗೆ ಜೀಪಲ್ಲಿ ಹೋದೆ. ಹೊಳೆ ತುಂಬಿತ್ತು, ಡ್ರೈವರು ವಾಪಸ್ ಹೋಗೋಣ ಸಾರ್ ಅಂದ. ನನಗೂ ಅದೇ ಬೇಕಾಗಿತ್ತು. ಆಫೀಸಿಗೆ ಬಂದು, ಇಲ್ಲಿ ಯಾರೂ ಸ್ಥಿರವಾಗಿ ವಾಸವಿಲ್ಲ ಅಂತ ಬರೆದೆ. ಆ ಹಾಳೆ ಇವತ್ತಿಗೂ ತಾಲ್ಲೂಕು ಆಫೀಸಿನಲ್ಲಿದೆ. ಅವರಿಗೆ ಪಟ್ಟಾ ಇಲ್ಲದಿರೋದು ಅದರಿಂದಲೇ."

ಮಾವ ನನ್ನ ಕಡೆ ತಿರುಗಿದರು.

"ನನ್ನ ಮೇಲಿನವರು ಊಟಿಯಲ್ಲಿದ್ದರು. ಅವರು ಕಾಗದ ನೋಡ್ತಿದ್ರು, ಕಾಗದ ಸರಿಯಾಗಿತ್ತು. ನೀವು ಈಗ ಕೇಳಿದ ಹಾಗೆ ನನ್ನನ್ನ ನಿಲ್ಲಿಸಿ ಕೇಳೋ ಸಭೆ ಆಗ ಇರಲಿಲ್ಲ ತಲೈವರಮ್ಮ. ಈಗ ಇದೆ. ಕೇಳಿದ್ದು ಒಳ್ಳೇದಾಯ್ತು. ಬರೆಸಿಕೊಳ್ಳಿ."

ಕ್ಲರ್ಕು ಪೆನ್ನು ಹಿಡಿದು ನನ್ನ ಮುಖ ನೋಡಿದ. ಇನ್ನೊಂದು ಮಾತು ಬಂದರೆ ಎಲ್ಲರೆದುರು ಅತ್ತುಬಿಡುತ್ತೇನೆ ಅನ್ನಿಸಿತು. "ಪಟ್ಟಿ ಇವತ್ತು ಬೇಡ. ನಾನು ಕೆಳಗೆ ಹೋಗಿ ನೋಡಿ ಬರ್ತೀನಿ," ಅಂದು ಎದ್ದೆ. ಅದನ್ನು ಧೈರ್ಯ ಅಂತ ಆಮೇಲೆ ಕೆಲವರು ಅಂದರು. ಅಲ್ಲಿಂದ ಹೊರಗೆ ಹೋಗಲು ನನಗೆ ಹೊಳೆದದ್ದು ಅದೊಂದೇ ದಾರಿ.

ಮೂರು ದಿನ ಬಿಟ್ಟು ಬೆಳಿಗ್ಗೆ ಹೊರಟೆವು. ಮಾವ, ಕ್ಲರ್ಕು, ನಾನು. ಯಜಮಾನರು ತಡೆಯಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಇಳಿದಷ್ಟೂ ಗಾಳಿ ಬಿಸಿಯಾಗುತ್ತ ಬಂತು. ದಾರಿಯಲ್ಲಿ ಆನೆ ಲದ್ದಿ ಹಸಿಯಾಗಿಯೇ ಬಿದ್ದಿತ್ತು, ಮುಂದೆ ನಡೆಯುತ್ತಿದ್ದ ಕ್ಲರ್ಕು ಪ್ರತಿ ತಿರುವಿನಲ್ಲೂ ನಿಂತು ಕಿವಿಗೊಡುತ್ತಿದ್ದ. ಇಳಿಯುವುದಕ್ಕೇ ಎರಡು ಗಂಟೆ ಹಿಡಿಯಿತು. ಸಭೆ ಮುಗಿಸಿ ಕತ್ತಲಾಗುವ ಮೊದಲು ಈ ದಾರಿಯಲ್ಲಿ ಮನೆ ಸೇರಬೇಕಾದವರು ನಮ್ಮ ಸಭೆಗೆ ಯಾಕೆ ಬರುವುದಿಲ್ಲ ಅಂತ ಆಮೇಲೆ ನಾನು ಯಾರನ್ನೂ ಕೇಳಲಿಲ್ಲ.

ಹೊಳೆ ಬಂದಾಗ ಮಾವ ನಿಂತುಬಿಟ್ಟರು. ನೀರು ಮೊಣಕಾಲಿಗೂ ಇರಲಿಲ್ಲ. ಕ್ಯಾನ್ವಾಸ್ ಬೂಟು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು, ಆಚೆ ದಡ ನೋಡುತ್ತ ತುಂಬ ಹೊತ್ತು ನಿಂತರು. ಕೊನೆಗೆ ನಾನೇ ಕೈ ಹಿಡಿದು ದಾಟಿಸಿದೆ.

ಏಳು ಗುಡಿಸಲು. ಸೂರಿನ ಮೇಲೆ ಹುಲ್ಲು, ಹುಲ್ಲಿನ ಮೇಲೆ ಹರಿದ ಪ್ಲಾಸ್ಟಿಕ್ಕು. ಆದರೆ ಹಲಸಿನ ಮರಗಳಿದ್ದವು, ತಬ್ಬಿದರೆ ಕೈ ಸೇರದಷ್ಟು ದಪ್ಪ. ಸಮಾಧಿ ಕಲ್ಲುಗಳಿದ್ದವು. ಯಾರೂ ಸ್ಥಿರವಾಗಿ ವಾಸವಿಲ್ಲ ಅಂತ ಬರೆದ ಜಾಗ ಅದು. ರಂಗಿ ಅನ್ನುವ ಹೆಂಗಸು, ಮಾವನ ವಯಸ್ಸಿನವರೇ ಇರಬೇಕು, ಚಾಪೆ ಹಾಸಿದರು. ಮಾವನನ್ನೇ ನೋಡುತ್ತಿದ್ದರು.

"ಗೌಡ್ರೇ, ನೀವು ಒಂದ್ಸಲ ಬಂದಿದ್ದಿರಿ. ಆಚೆ ದಡದಾಗೆ ಜೀಪು ನಿಂತಿತ್ತು."

"ಹೌದಮ್ಮ. ನಾನೇ."

"ಅಂಗಳ ಎಲ್ಲ ಸಾರಿಸಿದ್ವಿ, ಆಫೀಸರು ಬರ್ತಾರೆ ಅಂತ. ಜೇನು ತೆಗೆದಿಟ್ಟಿದ್ವಿ. ಹೊಳೆ ತುಂಬೈತೆ, ನಾಳೆ ಬರ್ತಾರೆ ಅಂದ್ಕೊಂಡ್ವಿ. ಮಾರನೇ ದಿನಾನೂ ಸಾರಿಸಿದ್ವಿ."

ರಂಗಿಯ ದನಿಯಲ್ಲಿ ಸಿಟ್ಟು ಇರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದರು. ಮಾವ ಚಾಪೆಯ ಮೇಲೆ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಕ್ಲರ್ಕು ಎದ್ದು ಮರದ ಕಡೆ ಹೋದ. ನಾನು ಪಂಚಾಯಿತಿ ಅಧ್ಯಕ್ಷೆಯಾದದ್ದು ಆವತ್ತು ಅಂತ ಈಗಲೂ ಅಂದುಕೊಳ್ಳುತ್ತೇನೆ.

ಮುಂದಿನ ತಿಂಗಳು ವಿಶೇಷ ಗ್ರಾಮಸಭೆಯನ್ನು ಆ ಹಲಸಿನ ಮರದ ಕೆಳಗೇ ಕರೆದೆ. ಹಟ್ಟಿಯಿಂದ ಬಂದವರು ಹತ್ತೋ ಹನ್ನೊಂದೋ ಜನ. ಮೈದುನ ಬಂದಿದ್ದ, ಯಜಮಾನರು ಬರಲಿಲ್ಲ. ಮಾವ ಮಡಿಸಿದ ಒಂದು ಹಾಳೆ ಕೊಟ್ಟರು. ತಾವು ಸ್ಥಳ ನೋಡದೆ ತನಿಖೆ ವರದಿ ಬರೆದದ್ದು, ಅದು ಸುಳ್ಳು ಅಂತ ಅದರಲ್ಲಿತ್ತು. ಕೆಳಗೆ ಸಹಿ, ಹಳೆಯ ಹುದ್ದೆ.

"ಇದನ್ನ ತೀರ್ಮಾನ ಪುಸ್ತಕಕ್ಕೆ ಏರಿಸಿ."

ಕ್ಲರ್ಕು ನನ್ನ ಕಿವಿಯಲ್ಲಿ, "ಅಮ್ಮ, ಇದು ಏರಿದರೆ ಸಾರ್ ಪೆನ್ಷನ್ನಿಗೆ ಕುತ್ತು," ಅಂದ. ನಾನು ಮಾವನನ್ನು ಪಕ್ಕಕ್ಕೆ ಕರೆದೆ.

"ಬೇಡ ಮಾವ. ಇವರಿಗೆ ಪಟ್ಟಾ ಕೊಡಿ ಅಂತ ಸುಮ್ಮನೆ ಒಂದು ತೀರ್ಮಾನ ಮಾಡಿ ಕಳಿಸೋಣ."

"ಅದು ಆಗೋ ಮಾತಲ್ಲ ಕೂಸೇ. ಆಫೀಸಿನವರು ಹಳೇ ಹಾಳೆ ತೆಗೆದು ತೋರಿಸ್ತಾರೆ, ಅಲ್ಲಿಗೆ ಮುಗೀತು. ಆ ಹಾಳೆ ಸುಳ್ಳು ಅಂತ ಹೇಳಬಲ್ಲವನು ನಾನೊಬ್ಬನೇ. ನಾನು ಹೋದ ಮೇಲೆ ಅದು ನಿಜ ಆಗಿಬಿಡುತ್ತೆ."

ಕ್ಲರ್ಕಿನ ಕೈ ಓಡಲಿಲ್ಲ. ಪುಸ್ತಕ ಎಳೆದುಕೊಂಡು ನಾನೇ ನನ್ನ ಅಂಕುಡೊಂಕು ತಮಿಳಿನಲ್ಲಿ ಬರೆದೆ, ಓದಿ ಹೇಳಿದೆ. ಮೈದುನನದೂ ಸೇರಿ ಮೂರು ಹೆಸರು ಬಿಟ್ಟು, ಪಟ್ಟಾ ಬಂದರೆ ಆ ಮೂರು ಮನೆ ಇಲ್ಲಿಗೆ ಅಂತಲೂ ಬರೆದೆ. ಮೈದುನ ಎದ್ದು ಹೋಗುವಾಗ, "ಅತ್ತಿಗೆ, ಇದನ್ನ ಮರೀಬೇಡಿ," ಅಂದ.

ಅವನೂ ಮರೆಯಲಿಲ್ಲ. ಆ ಪುಟದ ನಕಲು ಒಂದು ಅರ್ಜಿಯ ಜೊತೆ ಊಟಿ ಸೇರಿತು. ಕಳಿಸಿದ್ದು ಯಾರು ಅಂತ ಹಟ್ಟಿಗೆಲ್ಲ ಗೊತ್ತು. ವಿಚಾರಣೆ ಮುಗಿಯುವ ತನಕ ಪೆನ್ಷನ್ ತಡೆದರು. ಎಂಟು ತಿಂಗಳು ಮಾವ ಮೊದಲನೇ ಬಸ್ಸಿಗೆ ಊಟಿಗೆ ಹೋಗಿ, ಆಫೀಸಿನ ತಣ್ಣನೆಯ ಜಗಲಿಯ ಮೇಲೆ ಕೂತು, ಕರೆದರೆ ಒಳಗೆ ಹೋಗಿ, ಕರೆಯದಿದ್ದರೆ ಸಂಜೆ ಬಸ್ಸಿಗೆ ವಾಪಸ್ಸು ಬರುತ್ತಿದ್ದರು. ಒಂದು ದಿನ ಸಾಕ್ಷಿ ಅಂತ ನನ್ನನ್ನೂ ಕರೆಸಿದ್ದರು. ಎಳೆಯ ಆಫೀಸರು ಮಾವನನ್ನು ಮರ್ಯಾದೆಯಿಂದಲೇ ಕೇಳಿದರು. "ಈ ಹೇಳಿಕೆ ಯಾರ ಒತ್ತಾಯಕ್ಕೆ ಕೊಟ್ಟಿರಿ?"

"ಗ್ರಾಮಸಭೆಯಲ್ಲಿ ಕೇಳಿದರು. ಹೇಳಿದೆ."

"ಕೇಳಿದರು ಅಂತ ಹೇಳಿಬಿಡೋದಾ ಸಾರ್?"

ಮಾವ ಎದ್ದು ಕೈ ಮುಗಿದರು. ಹೊರಗೆ ಬಂದು ಕೆಮ್ಮತೊಡಗಿದರು. ಆ ಕೆಮ್ಮು ಆ ಚಳಿಗಾಲಕ್ಕೆ ಹಿಡಿದದ್ದು ಮತ್ತೆ ಬಿಡಲೇ ಇಲ್ಲ.

ಕೊನೆಗೆ ಹಳೆಯ ವಿಷಯ ಅಂತ ಎಚ್ಚರಿಕೆಯ ಕಾಗದ ಕೊಟ್ಟು ಫೈಲು ಮುಚ್ಚಿದರು. ಆದರೆ ವರದಿಯೇ ಸುಳ್ಳೆಂದು ದಾಖಲಾದ ಮೇಲೆ ಮತ್ತೆ ಅಳೆಯದೆ ವಿಧಿಯಿರಲಿಲ್ಲ. ಸರ್ವೆಯವರು ಹೊಳೆ ದಾಟಿದರು. ಏಳರಲ್ಲಿ ನಾಲ್ಕು ಕುಟುಂಬಕ್ಕೆ ಪಟ್ಟಾ ಬಂತು. ಇನ್ನು ಮೂರರ ಜಾಗ ಕಾಡಿನ ಗಡಿಯೊಳಗೆ ಬೀಳುತ್ತದೆ ಅಂದರು. ರಂಗಿಯದು ಆ ಮೂರರಲ್ಲಿ ಒಂದು. ಅಷ್ಟೇ ಆದದ್ದು. ಮೈದುನ ಬೇರೆ ಒಲೆ ಹೂಡಿದ. ಯಜಮಾನರು ಒಂದು ಹೆತ್ತೆ ಹಬ್ಬದಿಂದ ಇನ್ನೊಂದು ಹೆತ್ತೆ ಹಬ್ಬದವರೆಗೆ, ಪೂರ್ತಿ ಒಂದು ವರ್ಷ, ನನ್ನೊಡನೆ ಬೇಕಾದಷ್ಟು ಮಾತ್ರ ಆಡಿದರು.

ಇಷ್ಟೆಲ್ಲ ಆದ ಮೇಲೆ ಮಾವ ನನ್ನ ಪಕ್ಷ ಆಗಿರಬೇಕು ಅಂತ ಯಾರಾದರೂ ಅಂದುಕೊಂಡರೆ ಅವರಿಗೆ ಮಾವ ಗೊತ್ತಿಲ್ಲ. ಕೆಳಗೆ ಮೂರು ಮನೆ ಎದ್ದವು. ಮುಂದಿನ ಸಭೆಯಲ್ಲಿ, ಹೊಗಳುತ್ತಾರೇನೋ ಅಂತ ನಾನು ಕಾಯುತ್ತಿದ್ದೆ, ಕನ್ನಡಕ ಒರೆಸಲು ಶುರು ಮಾಡಿದರು. "ತಲೈವರಮ್ಮ, ಕೆಳಗಿನ ಮನೆಗಳ ಗೋಡೆ ಕೈಯಲ್ಲಿ ಉಜ್ಜಿದರೆ ಉದುರುತ್ತೆ. ಕಂಟ್ರಾಕ್ಟರು ನಿಮ್ಮ ತವರುಮನೆ ಕಡೆಯವರಂತೆ. ಹೌದಾ?"

ಹೌದು, ನನ್ನ ಸೋದರತ್ತೆಯ ಮಗ. ಗೊತ್ತಿದ್ದವರಾದರೆ ಒಳ್ಳೆ ಕೆಲಸ ಮಾಡುತ್ತಾರೆ ಅಂತಲೇ ಕೊಟ್ಟಿದ್ದೆ, ದೇವರಾಣೆ. ಆದರೆ ಆ ಕ್ಷಣ ನನ್ನ ಮೈಯೆಲ್ಲ ಉರಿದುಹೋಯಿತು. ಇವರಿಗಾಗಿ ನಾನು ಮನೆ ಒಡೆದುಕೊಂಡೆನಲ್ಲ ಅನ್ನಿಸಿತು. ಒಂದು ವಾರ ಅವರ ಮನೆ ದಾರಿಯಲ್ಲಿ ನಡೆಯಲಿಲ್ಲ. ಆಮೇಲೆ ಇಳಿದು ಹೋಗಿ ಗೋಡೆ ಉಜ್ಜಿ ನೋಡಿದೆ. ಉದುರಿತು. ಸೋದರತ್ತೆಯ ಮಗನಿಂದ ಮತ್ತೆ ಗಾರೆ ಮಾಡಿಸಿದೆ. ತವರಿನವರೂ ಸ್ವಲ್ಪ ದೂರವಾದರು.

ಮುಂದಿನ ಚುನಾವಣೆಯಲ್ಲಿ ನನ್ನ ಓರಗಿತ್ತಿ, ಮೈದುನನ ಹೆಂಡತಿ, ಗೆದ್ದಳು. ಮಾವ ಅವಳ ಸಭೆಗಳಿಗೂ ಹೋಗಿ ಮೊದಲ ಸಾಲಿನಲ್ಲೇ ಕೂತರು. ನಿಂತು ಕೇಳಲು ಉಸಿರು ಸಾಲದಿದ್ದಾಗ ಬರೆದುಕೊಂಡು ಬಂದು ಕೊಡುತ್ತಿದ್ದರು. ಅವಳು ಅದನ್ನು ಓದದೆ ಮಡಿಸಿಡುತ್ತಿದ್ದಳು. ಒಮ್ಮೆ ನಾನು, "ಅವಳು ಓದಲ್ಲ ಮಾವ, ಯಾಕೆ ಸುಮ್ಮನೆ?" ಅಂದೆ. "ನೀನೂ ಮೂರು ವರ್ಷ ಕಿವಿಗೆ ಹಾಕಿಕೊಳ್ಳಲಿಲ್ಲ," ಅಂದರು.

ಮಾವನ ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಒಂದು ಮಧ್ಯಾಹ್ನ ಅತ್ತೆಯನ್ನು ನೋಡಲು ಹೋದೆ. ಒಬ್ಬರೇ ಜಗಲಿಯ ಮೇಲೆ ಕೂತು ಬಿಸಿಲು ಕಾಯುತ್ತಿದ್ದರು. ಬಲ ಹೆಗಲಿನ ಮೇಲೆ ಬಿಸಿನೀರಿನ ಬಟ್ಟೆ. ಕೂತ್ಕೋ ಅನ್ನಲಿಲ್ಲ, ನಾನೇ ಕೆಳಗಿನ ಮೆಟ್ಟಿಲ ಮೇಲೆ ಕೂತೆ. ಮಾವನ ವಿಷಯ ಬರೆಯಬೇಕು ಅಂತಿದೀನಿ ಅತ್ತೆ, ಅಂದೆ. ಸಭೆಯ ದಿನದ್ದು, ಕೆಳಗೆ ಇಳಿದದ್ದು, ಪುಸ್ತಕಕ್ಕೆ ಏರಿಸಿದ್ದು ಎಲ್ಲ ಹೇಳುತ್ತ ಹೋದೆ.

ಅತ್ತೆ ಪೂರ್ತಿ ಕೇಳಿದರು.

"ಆ ಎಂಟು ತಿಂಗಳು ನಾನು ಒಬ್ಬಳೇ ಎಲೆ ಮೂಟೆ ಹೊತ್ತೆ," ಅಂದರು. "ಅವರು ಊಟಿ ಜಗಲಿ ಮೇಲೆ ಕೂತು ಎದೆ ಕೆಡಿಸಿಕೊಂಡು ಬಂದರು. ಅವರು ಹೇಳಿದರು, ನೀನು ಪುಸ್ತಕಕ್ಕೆ ಬರೆದೆ. ಸರಿ. ಹೇಳೋ ಮೊದಲು ಅವರು ನನ್ನ ಕೇಳಲಿಲ್ಲ. ಬರೆಯೋ ಮೊದಲು ನೀನಾದರೂ ಒಂದು ಮಾತು ಬಂದು ನನ್ನ ಕೇಳಿದೆಯಾ?"

ಎದುರಿನ ತೋಟದಲ್ಲಿ ಎಲೆ ಕೀಳುವ ಹೆಂಗಸರು ಏನೋ ಕೂಗಿಕೊಂಡು ನಗುತ್ತಿದ್ದರು. ಅತ್ತೆ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಇಲ್ಲ ಅತ್ತೆ," ಅಂದೆ. "ಕೇಳಲಿಲ್ಲ."